ತಿರುಗಿ ಬಂದ ಅತ್ತೆಮ್ಮ

ಕಾಲಚಕ್ರ ತಿರುಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ತಿರುಗಿ ಬಂದದ್ದೆಲ್ಲ ಹೆಬ್ಬಗೋಡಿಯ ನಮ್ಮ ಒಂದು ರೂಮಿನ ಮನೆಗೇ ಯಾಕೆ ನುಗ್ಗಬೇಕು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸುಖದ ಕಾಲ

ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಸೇರಿದವಳು ನಾನು. ಈಚೆಗೆ ಸೂಪರ್‌ವೈಸರ್ ಆದೆ. ನಮಗೆ ಟ್ರೈನಿಂಗ್ ಕೊಡಲು ಬಂದ ಮೇಡಂ ಬೋರ್ಡಿನ ಮೇಲೆ ದೊಡ್ಡ ಚಕ್ರ ಬರೆದರು. "ಕಷ್ಟದ ಕಾಲದಲ್ಲಿ ಗಟ್ಟಿ ಜನ ಹುಟ್ತಾರೆ. ಅವರು ಸುಖದ ಕಾಲ ತರ್ತಾರೆ. ಸುಖದಲ್ಲಿ ಹುಟ್ಟಿದವರು ಮೆತ್ತಗಾಗ್ತಾರೆ. ಆಮೇಲೆ ಮತ್ತೆ ಕಷ್ಟ."

"ಈಗ ಯಾವ ಕಾಲ ಮೇಡಂ?" ಅಂದೆ.

"ಸುಖದ್ದೇ ಅಲ್ವೇನಮ್ಮಾ?"

"ಹಾಗಾದ್ರೆ ಟಾಯ್ಲೆಟ್‌ಗೆ ನೀರು ಬಿಡಿಸಿ ಮೇಡಂ. ನಾವೂ ಸ್ವಲ್ಪ ಮೆತ್ತಗಾಗ್ತೀವಿ."

ಹಟ

ನನ್ನ ಮಗಳಿಗೆ ಇಟ್ಟಿರುವುದು, ತೀರಿಹೋದ ನಮ್ಮತ್ತೆಯ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಹೇಳಬಾರದಲ್ಲ? ಅದಕ್ಕೆ ನಮ್ಮತ್ತೆ ಮೊಮ್ಮಗಳನ್ನೇ "ಅತ್ತೆಮ್ಮ" ಎಂದು ಕರೆದು, "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಾರೆ. ಅವರೇ ತಿರುಗಿ ಹುಟ್ಟಿದ್ದಾರೆ ಅನ್ನೋದು ನಮ್ಮತ್ತೆಗೆ ಖಾತ್ರಿ.

ಬೆಳಿಗ್ಗೆ ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಬೇಕಾದವರೂ ಇವರೇ. ಮಗು ಕಾಲು ಚಾಚಿ ಕೂತು "ಹೋಗಲ್ಲ" ಅಂದರೆ ಮುಗೀತು, ನನಗೆ ಫೋನು. "ಅವರು ಬೇಡ ಅಂತವ್ರೆ ಕಣಮ್ಮ, ನಾನೇನ್ ಮಾಡ್ಲಿ?" ನಾನು ಕೆಲಸ ಬಿಟ್ಟು ಓಡಬೇಕು.

ಕೊನೆಗೆ ಮ್ಯಾನೇಜರ್ ಗದರಿದರು. "ಇನ್ನೊಂದ್ ಸಲ ಓಡಿದ್ರೆ ವಾಪಸ್ ಮಿಷನ್ ಮೇಲೆ ಕೂರಿಸ್ತೀನಿ. ಮನೇಲಿ ಅಂಥದ್ದೇನಾಗಿದೆ?"

"ನಮ್ಮತ್ತೆಯ ಅತ್ತೆ ಹಟ ಮಾಡ್ತಿದ್ದಾರೆ ಸಾರ್."

"ಅಯ್ಯೋ ಪಾಪ. ವಯಸ್ಸೆಷ್ಟು?"

"ನಾಲ್ಕು ಸಾರ್."

ಸರದಿ

ಅವತ್ತು ಸಂಜೆ ಅತ್ತೆಯ ಪಕ್ಕ ಕೂತೆ. "ಆ ಅತ್ತೆಮ್ಮ ನಿಮ್ಮನ್ನ ತುಂಬಾ ಗೋಳು ಹುಯ್ಕೊಂಡ್ರಾ?"

"ಕೇಳಬ್ಯಾಡ. ಜಡೆ ಇಡಿದು ಎಳೀತಿದ್ರು."

"ಈಗ ದಿನಾ ಅವರ ಜಡೆ ಯಾರ ಕೈಯಲ್ಲಿರುತ್ತೆ?"

ಅತ್ತೆ ತಿರುಗಿ ಮಗುವಿನ ಜಡೆ ನೋಡಿದರು. ಆಮೇಲೆ ಮುಖ ನಿಧಾನಕ್ಕೆ ಅರಳಿತು.

ಮರುದಿನ ಫೋನು ಬರಲಿಲ್ಲ. ನನ್ನ ಸೂಪರ್‌ವೈಸರ್ ಕೆಲಸ ಉಳಿಯಿತು. ಮನೆಗೆ ಬಂದರೆ, ಮಗು ಹುಬ್ಬು ಮೇಲೇರುವಷ್ಟು ಬಿಗಿಯಾದ ಎರಡು ಜಡೆಯಲ್ಲಿ ಕೂತು ತೆಪ್ಪಗೆ ಬರೆಯುತ್ತಿದೆ.

"'ಕಾಲ ಬದಲಾಗೈತೆ ಅತ್ತೆಮ್ಮ, ಏಳಿ ಮ್ಯಾಕೆ!' ಅಂದೆ. ಎದ್ದೇಬಿಟ್ರು!" ಎಂದು ಅತ್ತೆ ಬೀಗಿದರು.

ನಾನು ನಕ್ಕೆ. ಅತ್ತೆ ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಾನೂ ನಿನ್ ಮೊಮ್ಮಗಳಾಗಿ ಬತ್ತೀನಿ. ನಂಗೆ ಕಾಫಿಗೆ ಸಕ್ಕರೆ ಜಾಸ್ತಿ ಬೇಕು, ಈಗ್ಲಿಂದ್ಲೇ ಅಭ್ಯಾಸ ಮಾಡ್ಕೋ."