ಒಂದೋ, ಸೊನ್ನೆಯೋ?

ನನ್ನ ಮೈದುನ ಯಾವ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆಂದು ನಾಲ್ಕು ವರ್ಷ ನಮಗ್ಯಾರಿಗೂ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ ಬಿಡಿ, ಅವನೂ ಯಾರನ್ನೂ ನಂಬುತ್ತಿರಲಿಲ್ಲ!

ಆಗ ನಾವು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿದ್ದೆವು. ಎಂಬತ್ತರ ದಶಕದಲ್ಲಿ ಅಲ್ಲಿ ಯಾವ ಕನ್ನಡದವರ ಮನೆಗೆ ಹೋದರೂ, ಹುಡುಗ ಓದುತ್ತಿದ್ದಾನೆಂದು ತಿಳಿದರೆ ಸಾಕು, "ರಿಸರ್ಚ್ ಇಂಟರೆಸ್ಟು ಏನು?" ಎಂದು ಕೇಳಿಯೇಬಿಡುತ್ತಿದ್ದರು. ಶನಿವಾರ ನಮ್ಮನೆಗೆ ಊಟಕ್ಕೆ ಬರುತ್ತಿದ್ದ ಇವನು ಸಾರಿನ ಬಟ್ಟಲು ನೋಡುತ್ತಾ, "ಹೀಗೇ, ಜನರಲ್ಲು" ಅನ್ನುತ್ತಿದ್ದ. ಧಾರವಾಡದ ಇಂಜಿನಿಯರೊಬ್ಬರು ಒಮ್ಮೆ ಕೈಯ ತುತ್ತು ಕೆಳಗಿಟ್ಟು, "ಜನರಲ್ ಅಂದ್ರ ಏನ್ರಿ, ಮಿಲಿಟರಿಯೇನು?" ಎಂದು ಕೇಳಿದರು. ಅವರು ತನ್ನ ವಿಷಯದ ಜಾಡು ಹಿಡಿಯಲು ಬಂದವರೆಂದು ಇವನಿಗೆ ಆಮೇಲೆ ಮೂರು ತಿಂಗಳು ಗುಮಾನಿ.

ಇವನ ಕಂಪ್ಯೂಟರ್ ವಿಭಾಗದವರು ವಿದ್ಯಾರ್ಥಿಗಳ ಆಸಕ್ತಿಗಳನ್ನೆಲ್ಲ ಒಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದರು. ತನ್ನ ವಿಷಯ ಕದಿಯುವ ಕಳ್ಳರ ದಾರಿ ತಪ್ಪಿಸಲು ಇವನು "ರೋಬೋಟುಗಳು" ಎಂದು ಬರೆದುಕೊಟ್ಟ. ಪರಿಣಾಮ? ಓಕ್ಲ್ಯಾಂಡಿನ ಶಾಲೆಯೊಂದರಲ್ಲಿ ಮಕ್ಕಳು ಮಾಡಿದ ರೋಬೋಟುಗಳಿಗೆ ಬಹುಮಾನ ಕೊಡುವ ತೀರ್ಪುಗಾರನಾಗಿ ಇಡೀ ದಿನ ನಿಂತ. ಈ ಮನುಷ್ಯನಿಗೆ ಏನೂ ಗೊತ್ತಿಲ್ಲವೆಂದು ಮಧ್ಯಾಹ್ನದೊಳಗೆ ಮಕ್ಕಳಿಗೆಲ್ಲ ಗೊತ್ತಾಯಿತಂತೆ.

ಇಷ್ಟಕ್ಕೇ ಬಿಟ್ಟನೆ? ಲ್ಯಾಬಿನಲ್ಲಿ ಪಕ್ಕದವರು ಇಣುಕಿಯಾರೆಂದು ತನ್ನ ಪ್ರಯೋಗಗಳ ಫಲಿತಾಂಶವನ್ನೆಲ್ಲ ಕನ್ನಡ ಅಂಕಿಗಳಲ್ಲಿ ಬರೆದಿಟ್ಟ. ಕಂಪ್ಯೂಟರಿನವರ ಲೆಕ್ಕದಲ್ಲಿ ಇರುವುದೇ ಎರಡು ಅಂಕಿ, ಒಂದು ಮತ್ತು ಸೊನ್ನೆ. ಕನ್ನಡದ ೧ ಮತ್ತು ೦ ಅವಸರದಲ್ಲಿ ಬರೆದರೆ ಹೇಗಿರುತ್ತವೆ, ನೀವೇ ಬರೆದು ನೋಡಿ! ಎರಡು ವಾರದೊಳಗೆ ಫಲಿತಾಂಶದ ಪಟ್ಟಿಗಳನ್ನು ಕೊಡದಿದ್ದರೆ ಬೇರೆ ಗೈಡನ್ನು ಹುಡುಕಿಕೋ ಎಂದು ಪ್ರೊಫೆಸರು ಗದರಿದಾಗ ಇವನು ನೋಟ್‌ಬುಕ್ಕು ತೆರೆದ. ನೂರಾರು ಪುಟ, ಬರೀ ಉಂಡೆಗಳು. ಯಾವುದು ಒಂದು, ಯಾವುದು ಸೊನ್ನೆ ಎಂದು ಬರೆದವನಿಗೇ ತಿಳಿಯಲಿಲ್ಲ.

ಆ ಶನಿವಾರ ಊಟವಾದ ಮೇಲೆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟ. ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಒಂದನೇ ಕ್ಲಾಸಿನ ಟೀಚರು, ಎಂತೆಂಥ ಕೋಳಿಕಾಲಿನ ಅಕ್ಷರ ಓದಿದ್ದೇನೆ!

"ಇದು ಏನಕ್ಕೆ ಅಂತ ಗೊತ್ತಾಗದೆ ಹೇಗೋ ಹೇಳ್ಲಿ?" ಎಂದೆ.

ಅವನಿಗೆ ಬೇರೆ ದಾರಿ ಇರಲಿಲ್ಲ, ಹೇಳಿದ. ಕಂಪ್ಯೂಟರಿನ ಚಿಪ್ಪಿನೊಳಗೆ ಸಾವಿರಾರು ತಂತಿಗಳಂತೆ. ಒಂದು ಕೆಟ್ಟರೂ ಹೊರಗೆ ಕಾಣುವುದಿಲ್ಲ. ಅದಕ್ಕೆ ಪ್ರಶ್ನೆ ಹಾಕಿ, ಬಂದ ಉತ್ತರದಿಂದ ಎಲ್ಲಿ ಕೆಟ್ಟಿದೆ ಎಂದು ಹಿಡಿಯಬೇಕಂತೆ. ಮೊದಲಿಂದ ಕೊನೆಯವರೆಗೆ ಸಂದೇಹಪಡುವುದೇ ಕೆಲಸ! ನಗು ನುಂಗಿಕೊಂಡೆ. ವಿವರಿಸುತ್ತಾ ಹೋದ ಹಾಗೆ ಇಲ್ಲಿ ಒಂದೇ ಇರಬೇಕು, ಅಲ್ಲಿ ಸೊನ್ನೆಯೇ ಎಂದು ಅವನಿಗೇ ಹೊಳೆಯತೊಡಗಿತು. ಸಂಜೆ ಕಾಫಿಯ ಹೊತ್ತಿಗೆ ಮೊದಲ ಹತ್ತು ಪುಟ ಸರಿಹೋದವು. ಇದೇ ರೀತಿಯಲ್ಲಿ ಉಳಿದದ್ದೂ ಆಗುತ್ತದೆ ಎಂದೆ.

ಅವನು ಖುಷಿಪಡಲಿಲ್ಲ. ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ ಕೇಳಿದ.

"ಅತ್ತಿಗೆ, ನಿಜ ಹೇಳಿ. ಇದರಲ್ಲಿ ಕದಿಯೋವಂಥದ್ದು ಏನಾದ್ರೂ ಇದೆಯಾ?"

ಇವನಿಗೆ ಕಳ್ಳರ ಭಯ ಎಂದುಕೊಂಡು ನಾವು ನಾಲ್ಕು ವರ್ಷ ನಕ್ಕಿದ್ದೆವು. ಇವನ ಭಯ, ಯಾವ ಕಳ್ಳನೂ ಬರದೇಹೋದರೆ ಎಂಬುದು.

ಅವನು ಹೇಳಿದ್ದರಲ್ಲಿ ನನಗೆ ಅರ್ಧವೂ ಅರ್ಥವಾಗಿರಲಿಲ್ಲ.

"ಇದೆ ಕಣೋ" ಎಂದು ಎದ್ದು ಹೋಗಿ ಕಿಟಕಿಯ ಪರದೆ ಎಳೆದೆ.