ಕುಂಥುನಾಥನ ಕಫ, ಊರವರ ವೈರಾಗ್ಯ

ಕೊಣ್ಣೂರಿನ ಕುಂಥುನಾಥನ ಗಂಟಲಲ್ಲಿ ಕಫ ಕೂತಿತ್ತು. ಕರೆಯದೇ ಬಂದ ಬೀಗರಂತೆ ಕೂತಿತ್ತು. ಎಷ್ಟು ಕೆಮ್ಮಿ ಗದರಿಸಿದರೂ ಏಳುವ ಲಕ್ಷಣವಿಲ್ಲ. ಬೇರೆಯವರಾಗಿದ್ದರೆ ಕ್ಯಾಕರಿಸಿ ಸುಮ್ಮನಾಗುತ್ತಿದ್ದರು. ಆದರೆ ಕುಂಥುನಾಥನ ಹೊಟ್ಟೆ ತುಂಬುತ್ತಿದ್ದದ್ದೇ ಗಂಟಲಿನಿಂದ. ಗೋಕಾಕದ ಅಡತಿ ಅಂಗಡಿಯಲ್ಲಿ ಬೆಲ್ಲ ಹರಾಜಿಗೆ ಬಂದಾಗ ಸವಾಲು ಕೂಗುವವ ಅವನು. ಸುಗ್ಗಿಯ ಮೊದಲ ಸವಾಲು ನಾಳೆಯೇ ಇತ್ತು.

ಬಾಜೂ ಮನೆಯ ಜಿನ್ನವ್ವ ಕಾರಣ ಕಂಡುಹಿಡಿದಳು. "ಎಲ್ಲಾ ಆ ಮೊಸರಿಂದ. ಮೆಣಸಿನ ಕಷಾಯ ಕುಡಿಯೋ."

ಕುಡಿದ. ಕಣ್ಣಲ್ಲಿ ನೀರು ಬಂತು, ಕಫ ಬರಲಿಲ್ಲ.

"ಜೇನಿನ್ಯಾಗ ಹಸಿಶುಂಠಿ ತೇಯ್ದು ನೆಕ್ಕ್ರಿ," ಅಂದ ಎದುರು ಮನೆಯ ಮುರಿಗೆಪ್ಪ.

ಜಿನ್ನವ್ವ ಕಿವಿ ಮುಚ್ಚಿಕೊಂಡಳು. "ಜೈನರ ಮನಿ ಮುಂದ ನಿಂತು ಜೇನು, ಹಸಿಶುಂಠಿ ಅಂತೀಯಲ್ಲೋ!"

"ಹಂಗಾದ್ರ ತಪಕೀರ ಏರಸ್ರಿ. ಅದಕ್ಕ ಯಾವ ಧರ್ಮದ ಅಡ್ಡಿನೂ ಇಲ್ಲ."

ಕುಂಥುನಾಥ ಮೊದಲೇ ಮೂಗಿಗೆ ತಪಕೀರ, ಅಂದರೆ ನಶ್ಯ, ಏರಿಸುವ ಚಟದವನು. ಇನ್ನೊಂದು ಚಿಟಿಕೆ ಏರಿಸಿದ. ತಲೆಗೆ ಸುತ್ತಿದ ಪಟಗ ಹಾರಿಬೀಳುವಂತೆ ಸೀನಿದ. ಆಮೇಲೆ ಬಾಯಿ ತೆರೆದರೆ ಎಣ್ಣೆ ಕಾಣದ ರಾಟಿಯ ಹಾಗೆ ಕಿರ್ರೆಂದಿತು.

ಒಳಗಿನಿಂದ ಹೆಂಡತಿ ಪದ್ಮವ್ವ ಸಣ್ಣ ದನಿಯಲ್ಲಿ, "ಓಣಿ ವೈದ್ಯರನ್ನ ಬಿಟ್ಟು ಗೋಕಾಕಕ್ಕ ಹೋಗಿ ಖರೆ ಡಾಕ್ಟರಗ ತೋರಸ್ರಿ," ಎಂದು ಹೇಳಿ ಹೊಲಕ್ಕೆ ನಡೆದಳು.

ಗೋಕಾಕದ ಡಾಕ್ಟರು ಬಾಯಿ ತೆಗೆಸಿ ಇಣುಕಿದರು. "ಜ್ವರ ಐತೇನ್ರಿ? ಕಫದಾಗ ರಕ್ತ? ನುಂಗಾಕ ತ್ರಾಸ? ಮೈ ಇಳದೈತೇನು?"

ಒಂದೂ ಇರಲಿಲ್ಲ. ಕುಂಥುನಾಥ ತುಸು ನಾಚಿಕೆಯಿಂದಲೇ ತಲೆಯಾಡಿಸಿದ.

"ಇದ್ದಿದ್ರ ಅವತ್ತs ಓಡಿ ಬರಬೇಕಿತ್ತು. ಮೂರು ವಾರಾದ್ರೂ ಹೋಗಲಿಲ್ಲ ಅಂದ್ರೂ ಬರಬೇಕು. ನಿಮ್ಮದು ನೆಗಡಿ ಬಿಟ್ಟುಹೋದ ಕಫ. ಅದಕ್ಕ ತಪಕೀರದ ಉಪಚಾರ ಬ್ಯಾರೆ! ತಪಕೀರ ಬಿಡ್ರಿ, ಹೊಟ್ಟಿ ಬಿರಿಯಂಗ ಉಣಬ್ಯಾಡ್ರಿ, ಉಂಡಕೂಡ್ಲೆ ಅಡ್ಡಾಗಬ್ಯಾಡ್ರಿ, ಕಾಸಿದ ನೀರು ಕುಡೀರಿ. ನಾಳೆ ಮುಂಜಾನಿತನಕ ಪಿಟ್ ಅನಬ್ಯಾಡ್ರಿ."

ಊರಿಗೆ ಬಂದವನೇ ತಪಕೀರದ ಡಬ್ಬಿಯನ್ನು ಮುರಿಗೆಪ್ಪನ ಕೈಗಿಟ್ಟ. ಜಿನ್ನವ್ವ ತಂದ ಹೋಳಿಗೆಯನ್ನು ಬದಿಗೆ ಸರಿಸಿದ. ಕಾಸಿದ ನೀರು ಕುಡಿದು ಕಟ್ಟೆಯ ಮೇಲೆ ಸುಮ್ಮನೆ ಕೂತ.

ಓಣಿ ಬೆಚ್ಚಿತು. ತಪಕೀರ ಬಿಟ್ಟ! ಹೋಳಿಗೆ ಬಿಟ್ಟ! ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲೂ ಸವಾಲಿನ ದನಿಯಲ್ಲೇ ಮಾತಾಡುವ ಕುಂಥುನಾಥ ಮಾತು ಬಿಟ್ಟ!

"ಇಂವಗ ವೈರಾಗ್ಯ ಬಂದೈತಿ," ಎಂದು ಜಿನ್ನವ್ವ ಕಣ್ಣೊರೆಸಿಕೊಂಡಳು.

ಕುಂಥುನಾಥ ಗಾಬರಿಯಿಂದ ಗಂಟಲು ಮುಟ್ಟಿ ತೋರಿಸಿದ. "ಸಂಸಾರ ಕುತ್ತಿಗಿಗೆ ಬಂದೈತಿ ಅನ್ನಾಕತ್ತಾರ," ಎಂದು ಮುರಿಗೆಪ್ಪ ಅರ್ಥ ಬಿಡಿಸಿದ. ಕುಂಥುನಾಥ ಎರಡೂ ಕೈ ಬೀಸಿ ಅಲ್ಲವೆಂದು ಸನ್ನೆ ಮಾಡಿದ. "ಏನೂ ಬ್ಯಾಡಂತ!" ಎಂದು ಮಂದಿ ಕೈಮುಗಿಯಿತು.

ಸುದ್ದಿ ಬಸದಿಯ ಹಿರಿಯ ದಾದಾಸಾಹೇಬರನ್ನು ಮುಟ್ಟಿತು. ಅವರು ಸನಾದಿ ಊದುವ ವಾಜಂತ್ರಿಯವರ ಸಮೇತ ಬಂದರು. ಕುಂಥುನಾಥನ ಕೊರಳಿಗೆ ಮಾಲೆ ಬಿತ್ತು. ಓಡಲು ನೋಡಿದವನನ್ನು ನಾಲ್ವರು ಹೆಗಲ ಮೇಲೆ ಹೊತ್ತರು. ಬಸದಿಯ ಮುಂದೆ ಇಳಿಸಿದಾಗ ದಾದಾಸಾಹೇಬರು ಅಂಗಿಯ ತೋಳು ಮಡಚಿದರು.

"ದೀಕ್ಷಾ ಕೊಡಾಕ ಮುನಿಗಳು ಬರಬೇಕು, ಖರೆ. ಆದ್ರ ಶುಭಕಾರ್ಯಕ್ಕ ತಡಾ ಯಾಕ? ದೀಕ್ಷಾದಾಗ ಕೀಳೂ ಕೂದಲಾ ಒಂದು ಹಿಡಿ ಇವತ್ತs ಕೀಳೂಣು."

"ಏ, ಕೈ ತಗೀರಿ!" ಕುಂಥುನಾಥನ ಕೂಗು ಘಟಪ್ರಭೆಯ ಆಚೆ ದಂಡೆಗೆ ಕೇಳಿಸಿತು. "ನನಗ ಬಂದಿದ್ದು ಕಫರೀ, ವೈರಾಗ್ಯ ಅಲ್ಲ!"

ಆ ಕೂಗಿನ ರಭಸಕ್ಕೆ ಕಫ ಕಿತ್ತುಕೊಂಡು ಹೊರಬಿತ್ತು. ದನಿ ಕಂಚಿನ ಗಂಟೆಯಂತೆ ಖಣಖಣ ಎಂದಿತು. ಅವನು ಸಂತೋಷದಿಂದ ಇನ್ನೊಮ್ಮೆ ಕೂಗಿ ನೋಡಿದ.

ವಾಜಂತ್ರಿ ನಿಂತಿತು. ದಾದಾಸಾಹೇಬರ ಮುಖ ಗಂಟಾಯಿತು. "ಬಸದಿ ಮುಂದ ನಿಂತು ಮೌನವ್ರತ ಮುರದಿ. ಪ್ರಾಯಶ್ಚಿತ್ತ ಆಗಬೇಕು. ಹುಣ್ಣಿವಿತನಕ ಮೌನ!"

"ನಾ ವ್ರತಾನs ಹಿಡದಿದ್ದಿಲ್ರೀ! ನಾಳೆ ಸವಾಲೈತಿ!"

"ಮುರಿಗೆಪ್ಪ ಕೂಗ್ತಾನ. ನೀ ಬಾಯಿ ಮುಚ್ಚು."

ಅಷ್ಟರಲ್ಲಿ ಹೊಲದಿಂದ ಬಂದ ಪದ್ಮವ್ವ ಗುಂಪು ಸೀಳಿ ಮುಂದೆ ನಿಂತಳು. ಡಾಕ್ಟರ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. ಕುಂಥುನಾಥ ಆಸೆಯಿಂದ ಅವಳ ಮುಖ ನೋಡಿದ. ಆಕೆ ನಡೆದದ್ದನ್ನೆಲ್ಲ ಕೇಳಿಕೊಂಡಳು, ಗಂಡನನ್ನೊಮ್ಮೆ ದಿಟ್ಟಿಸಿದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಕಾಕಾ," ಅಂದಳು ದಾದಾಸಾಹೇಬರಿಗೆ ಕೈಮುಗಿದು, "ಹುಣ್ಣಿವಿ ಭಾಳ ಸಮೀಪಾತ್ರಿ. ಅಮಾಸಿತನಕ ಇರ್ಲಿ."