ಪೆಂಡುರ್ತಿಯಲ್ಲಿ ನಾನು ಯಾವ ಪಾರ್ಟಿ?

ರಾಜಕೀಯದ ಮಟ್ಟಿಗೆ ನನ್ನಷ್ಟು ನಿರುಪದ್ರವಿ ಪ್ರಾಣಿ ಇನ್ನೊಂದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು. ದಾವಣಗೆರೆಯಿಂದ ವರ್ಗವಾಗಿ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಗೆ ಬಂದ ಬ್ಯಾಂಕ್ ಅಧಿಕಾರಿ. ನನಗೆ ಬೇಕಾಗಿದ್ದುದು ತೆಲುಗು ಓದಲು ಕಲಿಯುವುದು, ಅಷ್ಟೇ. ಅಕ್ಷರಗಳು ಹೇಗೂ ನಮ್ಮವೇ, ತಲೆ ಮಾತ್ರ ಬೇರೆ ಥರ ಬಾಚಿಕೊಂಡಿವೆ. ಹೀಗಾಗಿ ಮನೆಗೊಂದು ತೆಲುಗು ಪೇಪರ್ ಹಾಕಿಸಿಕೊಂಡೆ. ಯಾವುದು ಬೇಕೆಂದು ಏಜೆಂಟ್ ಕೇಳಿದಾಗ, ಅಕ್ಷರ ದಪ್ಪ ಇರುವುದನ್ನು ಕೊಡಪ್ಪ ಎಂದೆ. ನಾನು ಮಾಡಿದ ಅಪರಾಧ ಇಷ್ಟೇ!

ಎದುರು ಮನೆಯ ರಮಣ ಗಾರು ಅಲ್ಲಿಯತನಕ ನನ್ನನ್ನು ಕಣ್ಣೆತ್ತಿಯೂ ನೋಡಿದವರಲ್ಲ. ಪೇಪರ್ ಬೀಳತೊಡಗಿದ ವಾರದಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದು ಕಾಫಿ ಕೊಟ್ಟರು. ಮನೆಮಂದಿಗೆಲ್ಲ "ಮನವಾರೇ" ಎಂದು ಪರಿಚಯಿಸಿದರು, ಅಂದರೆ ನಮ್ಮವರೇ. ದಾವಣಗೆರೆಯ ನಾನು ಇವರವನು ಹೇಗಾದೆನೋ ತಿಳಿಯಲಿಲ್ಲ. ಕಾಫಿ ಚೆನ್ನಾಗಿದ್ದುದರಿಂದ ಕೇಳಲೂ ಇಲ್ಲ. ಅದೇ ಹೊತ್ತಿಗೆ ಕೆಳಗಿನ ಮನೆಯಲ್ಲಿರುವ ನಮ್ಮ ಓನರ್ ಅಪ್ಪಲರಾಜು ಗಾರು ಮುಖ ತಿರುಗಿಸತೊಡಗಿದರು. ಅವರ ಹೆಂಡತಿ ಕಳಿಸುತ್ತಿದ್ದ ಗೋಂಗೂರ ಸೊಪ್ಪಿನ ಪಚ್ಚಡಿ ನಿಂತುಹೋಯಿತು. ನಾನೇ ಏನೋ ಎಡವಟ್ಟು ಮಾಡಿದ್ದೇನೆಂದು ನನ್ನ ಹೆಂಡತಿ ಗಿರಿಜಾ ವಿಚಾರಣೆಯಿಲ್ಲದೆ ತೀರ್ಪು ಕೊಟ್ಟಳು.

ಬ್ಯಾಂಕಿನಲ್ಲಿ ಈ ಕಥೆ ಕೇಳಿ ಸಹೋದ್ಯೋಗಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಚುನಾವಣೆ ಹತ್ತಿರ ಬಂದಿದೆ, ಇಲ್ಲಿ ಯಾರ ಮನೆಗೆ ಯಾವ ಪೇಪರ್ ಬೀಳುತ್ತದೋ ಅವರದು ಆ ಪಾರ್ಟಿ, ನಿಮ್ಮ ಓನರ್ ಇನ್ನೊಂದು ಪಾರ್ಟಿಗೆ ಊಟ ನಿದ್ದೆ ಬಿಟ್ಟು ದುಡಿಯುವವರು ಎಂದರು. ಓಹೋ, ಇಷ್ಟೇನಾ ಎಂದುಕೊಂಡೆ. ಸಮತೋಲನ ಕಾಪಾಡುವ ಘನ ಉದ್ದೇಶದಿಂದ ಮಾರನೇ ದಿನವೇ ಆ ಇನ್ನೊಂದು ಪೇಪರನ್ನೂ ಹಾಕಿಸಿದೆ.

ಈಗ ರಮಣ ಗಾರೂ ಮುಖ ತಿರುಗಿಸಿದರು! ಎರಡೂ ಪೇಪರ್ ಓದುವವನು ಸಾಮಾನ್ಯನಲ್ಲ, ಇಲ್ಲಿನ ಸುದ್ದಿ ಅಲ್ಲಿಗೆ ಮುಟ್ಟಿಸುತ್ತಿದ್ದಾನೆ ಎಂದು ಬೀದಿಯಲ್ಲಿ ಮಾತಾಯಿತಂತೆ. ನಾನು ಟೀ ಅಂಗಡಿಗೆ ಕಾಲಿಟ್ಟರೆ ಹರಟೆ ನಿಂತು, ಎಲ್ಲರೂ ಬಿಸಿಲಿನ ಬಗ್ಗೆ ಮಾತಾಡುತ್ತಿದ್ದರು. ತಲೆಕೆಟ್ಟು ಎರಡೂ ಪೇಪರ್ ನಿಲ್ಲಿಸಿದೆ. ತಕ್ಷಣ ಮೂರನೇ ಪಾರ್ಟಿಯವರೊಬ್ಬರು ಮೆಟ್ಟಿಲು ಹತ್ತಿ ಬಂದರು. ಇಬ್ಬರನ್ನೂ ಕೈಬಿಟ್ಟಿರೆಂದು ತಿಳಿದು ಬಹಳ ಸಂತೋಷವಾಯಿತು ಎಂದು ಬಾಗಿಲಲ್ಲೇ ನನಗೆ ಶಾಲು ಹೊದಿಸಿದರು. ಗೇಟಿನ ಬಳಿ ಅಪ್ಪಲರಾಜು ಗಾರು ನಿಂತು ನೋಡುತ್ತಿದ್ದರು.

ಆ ಸಂಜೆಯೇ ಅವರು ಮೇಲೆ ಬಂದರು. ಏನೂ ಅಂದುಕೊಳ್ಳಬೇಡಿ ಎಂದು ಶುರುಮಾಡಿ, ಮುಂದಿನ ತಿಂಗಳು ಮನೆ ಖಾಲಿ ಮಾಡಿ ಎಂದು ಮುಗಿಸಿದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಗಳ ಶಾಲೆಯ ಪಕ್ಕದಲ್ಲಿ, ನಮ್ಮ ಕೈಗೆಟುಕುವ ಬಾಡಿಗೆಗೆ ಆ ಮನೆ ಸಿಕ್ಕಿದ್ದೇ ಊರೆಲ್ಲ ಅಲೆದ ಮೇಲೆ.

"ಕೆಳಗೆ ಹೋಗ್ರಿ," ಎಂದಳು ಗಿರಿಜಾ. "ನಾವು ನಿಮ್ಮ ಕಡೆಯವರೇ ಅಂತ ಹೇಳಿ ಬರ್ರಿ. ಮೊದಲು ಆ ಶಾಲು ತೆಗೀರಿ."

ಹೋದೆ. ಅಪ್ಪಲರಾಜು ಗಾರು ಸೋಫಾದಲ್ಲಿ ಕೂತಿದ್ದರು. ಪಕ್ಕದಲ್ಲಿ, ಅವರದೇ ತಟ್ಟೆಯಿಂದ ಪಕೋಡ ಎತ್ತಿಕೊಳ್ಳುತ್ತ ರಮಣ ಗಾರು! ಇವರು ಅವರ ಸ್ವಂತ ಭಾವಮೈದುನನಂತೆ. ಪಾರ್ಟಿ ಬೇರೆ, ಪಕೋಡ ಒಂದೇ. ಒಬ್ಬರ ಕಡೆ ಎಂದರೆ ಇನ್ನೊಬ್ಬರ ಮುಖದ ಮೇಲೇ ಹೇಳಬೇಕು. ಬೇರೇನೂ ತೋಚದೆ ನಿಜ ಹೇಳಿದೆ.

"ಸಾರ್, ನನಗೆ ಇಲ್ಲಿ ಓಟೇ ಇಲ್ಲ. ನನ್ನ ಓಟು ದಾವಣಗೆರೆಯಲ್ಲಿದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಓಟು ಲೇದಾ?" ಎಂದರು ಅಪ್ಪಲರಾಜು ಗಾರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವ ಮರುಕವಿತ್ತು. ಮನೆ ಖಾಲಿ ಮಾಡುವ ಮಾತು ಅಲ್ಲಿಗೇ ಮುಗಿಯಿತು. ನನಗೂ ಪಕೋಡ ಕೊಟ್ಟರು. ಆಮೇಲೆ ನಾನೊಬ್ಬ ಕೂತಿದ್ದೇನೆಂಬುದನ್ನೇ ಮರೆತು ತಮ್ಮ ಮಾತು ಮುಂದುವರಿಸಿದರು.

ಮತದಾನದ ದಿನ ಇಡೀ ಬೀದಿ ಮದುವೆಗೆ ಹೊರಟಂತೆ ಹೊರಟಿತು. ಎರಡೂ ಮನೆಯವರು ಬೀಗದ ಕೈ ನನಗೆ ಒಪ್ಪಿಸಿದರು. ಓನರ್ ಹೆಂಡತಿ ತಾರಸಿಯ ಮೇಲೆ ವಡಿಯಾಲು, ಅಂದರೆ ನಮ್ಮ ಸಂಡಿಗೆ, ಒಣಗಲು ಹಾಕಿದ್ದರು. ಓಟಿಲ್ಲದವರು ಹೇಗೂ ಮನೆಯಲ್ಲೇ ಇರುತ್ತೀರಲ್ಲ ಎಂದು ಅದನ್ನು ಕಾಯುವ ಕೆಲಸವನ್ನೂ ನನಗೇ ವಹಿಸಿದರು. ಗಿರಿಜಾ ಮಾತ್ರ ಒಳ್ಳೆಯ ಸೀರೆ ಉಟ್ಟು ಆ ಹೆಂಗಸರ ಜೊತೆ ಆಟೋ ಹತ್ತಿದಳು. ಮತದಾರರ ಪಟ್ಟಿಗೆ ಹೆಸರು ಸೇರಿಸುವವರು ಮನೆಗೆ ಬಂದಿದ್ದಾಗ ಅವಳು ತನ್ನದನ್ನು ಬರೆಸಿದ್ದಳಂತೆ. ವರ್ಗವಾಗುವವರಿಗೆ ಇದೆಲ್ಲ ಯಾಕೆ ಎಂದು ನಾನು ಆಗ ಒಳಗೆದ್ದು ಹೋಗಿದ್ದೆ. ನಮ್ಮ ಮನೆ ಯಾವ ಪಾರ್ಟಿ ಎಂದು ಅಷ್ಟು ತಲೆಕೆಡಿಸಿಕೊಂಡ ಬೀದಿಯಲ್ಲಿ ಅವಳ ಓಟಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ತಾರಸಿಯಲ್ಲಿ ಕೋಲು ಹಿಡಿದು ಕೂತು, ಬೀದಿಯಲ್ಲಿ ಯಾರು ಗೆಲ್ಲಬಹುದೆಂದು ಗಂಭೀರವಾಗಿ ಲೆಕ್ಕ ಹಾಕತೊಡಗಿದೆ. ಹಸಿರು ಗೇಟಿನವರು ಇವರಿಗೆ. ಮೂಲೆಮನೆಯಲ್ಲಿ ಅಪ್ಪ ಅವರಿಗೆ, ಮಗ ಇವರಿಗೆ, ಸೊಸೆ ಮೂರನೆಯವರಿಗೆ. ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು. ಗಿರಿಜಾ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದಾಗ ನಾನಿನ್ನೂ ಮೂಲೆಮನೆಯಲ್ಲೇ ಇದ್ದೆ. ಯಾರಿಗೆ ಹಾಕಿದೆ ಎಂದು ಕೇಳಿದೆ. ಅವಳು ಸಂಡಿಗೆಯ ಚಾಪೆಯತ್ತ ನೋಡಿದಳು. ಅರ್ಧ ಚಾಪೆ ಖಾಲಿ! ಪ್ಯಾರಾಪೆಟ್ ಮೇಲೆ ಕಾಗೆಗಳು ಸಾಲಾಗಿ ಕೂತು ಕೊಕ್ಕು ಉಜ್ಜಿಕೊಳ್ಳುತ್ತಿದ್ದವು.

"ಓಟಂತೂ ಇಲ್ಲ," ಎಂದಳು. "ಸಂಡಿಗೆ ಕಾಯೋಕಾದ್ರೂ ಬರಬಾರದೇನ್ರೀ?"